ಎಲ್‌ಡಿಎಲ್ 190 ದಾಟಿದರೆ ಮನೆಯವರನ್ನೂ ಕರೆತನ್ನಿ

ಎಲ್‌ಡಿಎಲ್, ಅಂದರೆ ರಕ್ತದಲ್ಲಿನ 'ಕೆಟ್ಟ ಕೊಲೆಸ್ಟ್ರಾಲ್', 190 (mg/dL) ದಾಟಿದ ರಿಪೋರ್ಟ್ ಕಂಡರೆ ನಾನು ಮೊದಲು ಕೇಳುವುದು ಊಟದ ಬಗ್ಗೆ ಅಲ್ಲ, ಮನೆಯವರ ಬಗ್ಗೆ. ಅಪ್ಪನಿಗೆ, ಚಿಕ್ಕಪ್ಪನಿಗೆ, ಸೋದರಮಾವನಿಗೆ ಹಾರ್ಟ್ ಅಟ್ಯಾಕ್ ಆಗಿತ್ತಾ? ಎಷ್ಟನೇ ವಯಸ್ಸಿಗೆ? ಆಮೇಲೆ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿಯಿಂದ ಮೇಲಕ್ಕೆ ಹೋಗುವ ಅಕಿಲಿಸ್ ಟೆಂಡನ್ನನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತೇನೆ. ಸಾಮಾನ್ಯವಾಗಿ ಅದು ತೆಳ್ಳಗೆ, ನುಣ್ಣಗೆ ಸಿಗುತ್ತದೆ. ಕೆಲವರಲ್ಲಿ ದಪ್ಪಗೆ, ಗಂಟುಗಂಟಾಗಿರುತ್ತದೆ. "ಚಪ್ಪಲಿ ಉಜ್ಜಿ ಹಾಗಾಗಿದೆ ಸರ್" ಅನ್ನುತ್ತಾರೆ. ಅಲ್ಲ, ಅಲ್ಲಿ ಸೇರಿಕೊಂಡಿರುವುದು ಕೊಲೆಸ್ಟ್ರಾಲ್. ಬೆರಳ ಗೆಣ್ಣುಗಳ ಮೇಲೂ ಇಂಥ ಗಂಟು ಬರುವುದುಂಟು.

ಥೈರಾಯ್ಡ್ ಕಡಿಮೆಯಾಗಿದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನೂ ಪರೀಕ್ಷೆ ಮಾಡಿಸಬೇಕು. ಆದರೆ ಟೆಂಡನ್ ಹೀಗೆ ದಪ್ಪವಾಗಿದ್ದರೆ ನನ್ನ ಅನುಮಾನ ಹೋಗುವುದು ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೀಮಿಯಾ, ಅಂದರೆ ಮನೆತನದಲ್ಲಿ ಹರಿದುಬರುವ ಹೆಚ್ಚು ಕೊಲೆಸ್ಟ್ರಾಲಿನ ಕಡೆಗೆ. ಇದು ಹುಟ್ಟಿನಿಂದಲೇ ಬರುವ ತೊಂದರೆ. ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗಿದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಳು ತೆಳ್ಳಗಿರಬಹುದು, ಮಾಂಸ ಮೊಟ್ಟೆ ಮುಟ್ಟದಿರಬಹುದು. ಎಲ್‌ಡಿಎಲ್ ಮಾತ್ರ ಇಳಿಯುವುದಿಲ್ಲ.

ಯಾಕೆ ಅಂದರೆ, ನಮ್ಮ ಕೊಲೆಸ್ಟ್ರಾಲಿನಲ್ಲಿ ಜಾಸ್ತಿ ಪಾಲು ಮೈಯೇ ತಯಾರಿಸುವಂಥದ್ದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಲಿವರ್ ತನ್ನ ರಿಸೆಪ್ಟರ್‌ಗಳಿಂದ (ಜೀವಕೋಶದ ಮೇಲಿನ ಕೊಕ್ಕೆಯಂಥ ಪ್ರೋಟೀನ್) ಹಿಡಿದು ಒಳಗೆಳೆದುಕೊಳ್ಳಬೇಕು. ಈ ರಿಸೆಪ್ಟರ್ ಪತ್ತೆ ಮಾಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1970ರ ದಶಕದಲ್ಲಿ ಅವರು, ಈ ಕಾಯಿಲೆ ತೀವ್ರವಾಗಿದ್ದವರ ಚರ್ಮದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರು. ಆರೋಗ್ಯವಂತರ ಜೀವಕೋಶ ಸುತ್ತ ಎಲ್‌ಡಿಎಲ್ ಸಿಕ್ಕರೆ ತಾನು ಕೊಲೆಸ್ಟ್ರಾಲ್ ಮಾಡುವುದನ್ನು ತಗ್ಗಿಸುತ್ತಿತ್ತು. ಇವರ ಜೀವಕೋಶ ತಗ್ಗಿಸಲೇ ಇಲ್ಲ. ಎಲ್‌ಡಿಎಲ್ ಹಿಡಿದುಕೊಳ್ಳುವ ರಿಸೆಪ್ಟರ್ರೇ ಅಲ್ಲಿ ಕೆಟ್ಟಿತ್ತು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅದೇ 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಸಾವಿರಾರು ಬೂಷ್ಟುಗಳನ್ನು ಸೋಸಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದಿದ್ದರು. ಸ್ಟ್ಯಾಟಿನ್ ಮಾತ್ರೆ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿ ತಗ್ಗಿಸುತ್ತದೆ. ಆಗ ಲಿವರ್ ಇನ್ನಷ್ಟು ರಿಸೆಪ್ಟರ್ ಮಾಡಿಕೊಂಡು ರಕ್ತದಿಂದಲೇ ಎಳೆದುಕೊಳ್ಳುತ್ತದೆ. "ನಾರ್ಮಲ್ ಬಂತಲ್ಲ ಡಾಕ್ಟ್ರೇ, ನಿಲ್ಲಿಸಬಹುದಾ?" ಅಂತ ಕೇಳುವವರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ. ನಿಲ್ಲಿಸಿದರೆ ಕೆಲವೇ ವಾರದಲ್ಲಿ ಎಲ್‌ಡಿಎಲ್ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ.

ಚಿಕಿತ್ಸೆ ಬೇಗ ಶುರು ಮಾಡಬೇಕು ಅಂತ ನನ್ನನ್ನು ಹೆಚ್ಚು ಒಪ್ಪಿಸಿದ್ದು ಪಿಸಿಎಸ್‌ಕೆ9 ಅನ್ನುವ ಪ್ರೋಟೀನಿನ ಕಥೆ. ಇದು ಲಿವರ್‌ನ ಆ ರಿಸೆಪ್ಟರ್‌ಗಳನ್ನು ಒಡೆದುಹಾಕಿಸುತ್ತದೆ. 2003ರಲ್ಲಿ ಫ್ರಾನ್ಸಿನ ಕುಟುಂಬಗಳಲ್ಲಿ ಇದರ ಅತಿ ಚುರುಕಿನಿಂದ ಎಲ್‌ಡಿಎಲ್ ಏರಿದ್ದು ಗೊತ್ತಾಯಿತು. ಇದಕ್ಕೆ ಉಲ್ಟಾ, ಹುಟ್ಟಿನಿಂದ ಈ ಪ್ರೋಟೀನ್ ಸರಿಯಾಗಿ ಕೆಲಸ ಮಾಡದವರೂ ಇದ್ದಾರೆ. 2006ರಲ್ಲಿ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ತಂಡ ಅಮೆರಿಕದ ಕಪ್ಪು ಜನರಲ್ಲಿ ಅಂಥವರನ್ನು ನೋಡಿತು. ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ, ಹೃದಯ ರಕ್ತನಾಳದ ಕಾಯಿಲೆ ಶೇ. 88ರಷ್ಟು ಕಡಿಮೆ! ಇಳಿಕೆ ದೊಡ್ಡದಲ್ಲ, ಆದರೆ ಹುಟ್ಟಿದಾಗಿನಿಂದ ಇದೆ. ಅಂದರೆ ರಕ್ತನಾಳಕ್ಕೆ ಎಲ್‌ಡಿಎಲ್ ಎಷ್ಟು ಅನ್ನುವುದರ ಜತೆ ಎಷ್ಟು ವರ್ಷ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 45ನೇ ವಯಸ್ಸಿಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮಾತ್ರೆ ಶುರು ಮಾಡುವುದಕ್ಕೂ 15ಕ್ಕೆ ಶುರು ಮಾಡುವುದಕ್ಕೂ ಅಷ್ಟು ವ್ಯತ್ಯಾಸ.

ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇನ್ನೊಂದು ಚಿಂತೆ ಇದೆ. ಇಬ್ಬರಲ್ಲೂ ಒಂದೇ ದೋಷವಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದುಬಿಡಬಹುದು. ಆಗ ಎಲ್‌ಡಿಎಲ್ 400, 500 ದಾಟುತ್ತದೆ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೃದಯದ ತೊಂದರೆ ಶುರುವಾಗಬಹುದು. ಮೊಣಕಾಲು, ಮೊಣಕೈ ಮೇಲೆ ಹಳದಿ ಗಂಟುಗಳಿರುವ ಮಗುವನ್ನು ಸುಮ್ನೆ ಚರ್ಮದ ಮುಲಾಮು ಹಚ್ಚಿ ಕೂರಿಸಬೇಡಿ, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ.

ಮನೆಯಲ್ಲಿ ಒಬ್ಬರಿಗೆ ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರದ್ದೂ ನೋಡಬೇಕು. ಮಕ್ಕಳಿಗೂ ಎಂಟು–ಹತ್ತು ವರ್ಷದಿಂದ ಸ್ಟ್ಯಾಟಿನ್ ಕೊಡಬಹುದು. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮಾತ್ರ ಮೊದಲೇ ಡಾಕ್ಟರಿಗೆ ತಿಳಿಸಬೇಕು, ಬಸಿರಿನಲ್ಲಿ ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸುತ್ತೇವೆ. ಪರೀಕ್ಷೆಗೆ ಎಲ್ಲರೂ ಹಸಿದುಕೊಂಡೇ ಬರಬೇಕೆಂದಿಲ್ಲ. ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬು ತುಂಬಾ ಜಾಸ್ತಿ ಬಂದರೆ ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರಾಯಿತು.