ನಕ್ಷೆಯಲ್ಲಿ ಹಳ್ಳ ದಾರಿ ತಪ್ಪಿದಾಗ

ಪುಣೆಯ ಕಾಲೇಜೊಂದರಲ್ಲಿ ಪರಿಸರ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ಲೆಕ್ಕ ಹಾಕುವ ವಿದ್ಯೆ, ಕಲಿಸುತ್ತೇನೆ. ಮೊದಲ ವಾರ ಎಲ್ಲರಿಗೂ ಒಂದೇ ಕೆಲಸ. ಕಾತ್ರಜ್ ಕಡೆಯಿಂದ ಇಳಿದು ಮುಠಾ ನದಿ ಸೇರುವ ಆಂಬಿಲ್ ಓಢಾದ ಎರಡೂ ಬದಿಗೆ 30 ಮೀಟರ್ ಬಫರ್, ಅಂದರೆ ಅಷ್ಟು ಅಗಲದ ಪಟ್ಟಿ, ಹಾಕಬೇಕು. ಅದರೊಳಗೆ ಎಷ್ಟು ಮನೆಗಳಿವೆ ಎಂದು ಎಣಿಸಬೇಕು. ಓಢಾ ಅಂದರೆ ನಮ್ಮ ಹಳ್ಳವೇ.

ಪ್ರತಿ ವರ್ಷ ಯಾರಾದರೂ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಸುಮ್ನೆ 30 ಅಂತ ಹಾಕಿಬಿಡುತ್ತಾರೆ. ಕಳೆದ ವರ್ಷ ವಿಜಯಪುರದ ಹುಡುಗಿಯೊಬ್ಬಳು ಗಾಬರಿಯಿಂದ ಕರೆದಳು: "ಸರ್, ನನ್ನ ಹಳ್ಳ ಇಡೀ ದೇಶಾನ ನುಂಗೇತ್ರಿ!" ಅವಳ ಲೇಯರ್ (ನಕ್ಷೆಯ ಪದರ) ಡಿಗ್ರಿ ಲೆಕ್ಕದಲ್ಲಿತ್ತು, ಹಾಗಾಗಿ 30 ಮೀಟರ್ ಬದಲು 30 ಡಿಗ್ರಿ ಆಗಿತ್ತು. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ಮೂವತ್ತಕ್ಕೆ ಎಷ್ಟಾಯಿತು ನೋಡಿ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ (ಸಾಫ್ಟ್‌ವೇರ್‌ನಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಲೇಯರ್ ಬದಲಿಸಿದಾಗ ಸರಿಹೋಯಿತು. ಅವಳ ವಿಜಯಪುರವೂ ಅದೇ ವಲಯದಲ್ಲಿದೆ.

ಈ ತಪ್ಪು ಕಣ್ಣಿಗೆ ರಾಚುತ್ತದೆ. ನನಗೆ ಭಯವಿರುವುದು ಕಣ್ಣಿಗೆ ಬೀಳದ ತಪ್ಪಿನದು.

ಮುಂದಿನ ಪಾಠ, ಮಳೆ ನೀರು ಎಲ್ಲಿ ಹರಿಯುತ್ತದೆ ಎಂದು ಹುಡುಕುವುದು. ಅದಕ್ಕೆ ಎಸ್‌ಆರ್‌ಟಿಎಂ ಎಂಬ, ನೆಲದ ಎತ್ತರದ ಮಾಹಿತಿ ಬಳಸುತ್ತೇವೆ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದದ್ದು ಅದು. ಅದರಲ್ಲಿ ನೆಲವನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದು ಎತ್ತರ ಕೊಟ್ಟಿದೆ; ಒಂದೊಂದು ಚೌಕದ ಬದಿ ಸುಮಾರು 30 ಮೀಟರ್. ಊರೊಳಗೆ ಹಳ್ಳ ಎಷ್ಟೋ ಕಡೆ ಅಷ್ಟು ಅಗಲ ಇಲ್ಲ. ಕಟ್ಟಡದ ತಲೆಯೂ ಎತ್ತರದ ಲೆಕ್ಕಕ್ಕೆ ಸೇರುತ್ತದೆ. ರಸ್ತೆ ಕೆಳಗಿನ ಮೋರಿ ಕಾಣುವುದೇ ಇಲ್ಲ. ಹಾಗಾಗಿ ಏರಿಸಿದ ರಸ್ತೆ ಸಾಫ್ಟ್‌ವೇರ್‌ಗೆ ಅಣೆಕಟ್ಟಿನಂತೆ ಕಾಣುತ್ತದೆ. ನಕ್ಷೆ ಮಾತ್ರ ಬಲು ಚೆಂದ. ನೀಲಿ ಗೆರೆ ಯಾವುದೋ ಹೌಸಿಂಗ್ ಸೊಸೈಟಿಯ ನಡುವೆ ಹರಿಯುತ್ತಿರುತ್ತದೆ. ತಪ್ಪು ಅಂತ ಪರದೆ ಹೇಳುವುದಿಲ್ಲ, ಅಲ್ವಾ?

ಅದಕ್ಕೇ ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ಅಳತೆ ಟೇಪು, ಫೋನಿನಲ್ಲಿ ಸ್ಥಳದಲ್ಲೇ ನಕ್ಷೆಗೆ ಮಾಹಿತಿ ಸೇರಿಸುವ ಕ್ಯೂಫೀಲ್ಡ್ ಆ್ಯಪ್. ಪ್ರತಿ ಮೋರಿಯ ಅಗಲ, ಎತ್ತರ ಬರೆದುಕೊಳ್ಳುತ್ತಾರೆ. 2019ರ ಸೆಪ್ಟೆಂಬರ್ 25ರ ರಾತ್ರಿ ಈ ಹಳ್ಳ ಉಕ್ಕಿ ಜನ ಸತ್ತರು. ಆ ರಾತ್ರಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಒಬ್ಬ ಆಜಿಯನ್ನು ಮರಾಠಿಯಲ್ಲಿ ಕೇಳಿದೆವು. ಅವರು ಎದ್ದು ಬಂದು ಬಾಗಿಲ ಚೌಕಟ್ಟಿನ ಮೇಲೆ ಕೈ ಇಟ್ಟರು. ಹುಡುಗರು ಸದ್ದಿಲ್ಲದೆ ಟೇಪು ಹಿಡಿದರು.

ಮರಳಿ ಬಂದು ಹಳ್ಳದ ಗೆರೆಯನ್ನು ನಾವೇ ಎಳೆಯುತ್ತೇವೆ. ಆ ಗೆರೆಯ ಚೌಕಗಳ ಎತ್ತರ ತಗ್ಗಿಸಿ ಲೆಕ್ಕವನ್ನು ಮತ್ತೆ ಓಡಿಸುತ್ತೇವೆ. ಸ್ಟ್ರೀಮ್ ಬರ್ನಿಂಗ್ ಎನ್ನುವುದು ಇದನ್ನೇ. ಆಗ ನೀರು ತನ್ನ ದಾರಿ ಹಿಡಿಯುತ್ತದೆ.

ಯಾವ ಬಟನ್ ಎಲ್ಲಿದೆ ಎಂದು ಕಲಿಸಲು ಎರಡು ವಾರ ಸಾಕು. ಈ ನಡಿಗೆಗೆ ಇನ್ನೂ ಜಾಸ್ತಿ ದಿನ ಸಿಗಬೇಕು ಎಂದು ನಾನು ಕೇಳುತ್ತಲೇ ಇದ್ದೇನೆ. ನನ್ನ ತರಗತಿಯಲ್ಲಿ ಹತ್ತರಲ್ಲಿ 4 ಅಂಕ ನಕ್ಷೆಗೆ. ಉಳಿದ 6, ಆ ನಕ್ಷೆಯನ್ನು ಎಲ್ಲೆಲ್ಲಿ ನಂಬಬಾರದು ಎಂದು ಬರೆಯುವ ಟಿಪ್ಪಣಿಗೆ.

ವಿಜಯಪುರದ ಹುಡುಗಿ ಕೊಟ್ಟ ನಕ್ಷೆಯಲ್ಲಿ ಎರಡು ಕಡೆ ಹಳ್ಳದ ಗೆರೆ ಬರೀ ಚುಕ್ಕಿಗಳಾಗಿತ್ತು. "ಇಲ್ಲಿ ಗೋಡೆ ಅಡ್ಡ ಇತ್ತು, ಹಳ್ಳ ನೋಡಲು ಆಗಲಿಲ್ಲ" ಎಂದು ಪಕ್ಕದಲ್ಲಿ ಬರೆದಿದ್ದಳು. ಆರಕ್ಕೆ ಆರು ಕೊಟ್ಟೆ.