ಯಾರಿಗೆ ಹೇಳೋದು, ಸರ್?

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಮುಂಬೈಯ ದಾದರ್ ಕಡೆಯ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಒಂದು ಕಾಲದಲ್ಲಿ ಕನ್ನಡ ರಾತ್ರಿಶಾಲೆಯಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತವನು. ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕ್ಲಾಸಿನಲ್ಲಿ ನಿದ್ದೆ ತಡೆದುಕೊಂಡು ಕೂರುತ್ತಿದ್ದ. ಈಗ ಗಲ್ಲಾದಲ್ಲಿ ಕೂರುತ್ತಾನೆ, ವಯಸ್ಸು ನಲವತ್ತು ದಾಟಿದೆ.

"ಸರ್, ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ. ಊರಿಂದ ಬಂದು ಎಂಟು ತಿಂಗಳಾಯ್ತು" ಅಂತ ಶುರು ಮಾಡಿದ. ಹುಡುಗ ಯಾರ ಜೊತೆಗೂ ಊಟಕ್ಕೆ ಕೂರುವುದಿಲ್ಲವಂತೆ. ಹೋಟೆಲು ಮುಚ್ಚಿದ ಮೇಲೆ ಮೇಲಿನ ರೂಮಿನಲ್ಲಿ ರಾತ್ರಿ ಎರಡರವರೆಗೂ ಮೊಬೈಲ್. ಎಲ್ಲಾ ದ್ವೇಷದ ವಿಡಿಯೊಗಳೇ. ಮೊನ್ನೆ ಪಾತ್ರೆ ತೊಳೆಯುವಾಗ "ಇವರಿಗೆಲ್ಲ ಒಂದು ದಿನ ತೋರಿಸ್ತೀನಿ" ಅಂದನಂತೆ.

"ಸುಮ್ನೆ ಬಾಯಿಮಾತು ಇರಬಹುದು ಸರ್. ಆದ್ರೆ ನನಗೆ ನಿದ್ದೆ ಬರ್ತಿಲ್ಲ. ಪೊಲೀಸಿಗೆ ಹೇಳಿದ್ರೆ ಹುಡುಗನ ಬದುಕು ಹೋಯ್ತು. ಹೇಳದೆ ಇದ್ದು ನಾಳೆ ಏನಾದ್ರೂ ಆದ್ರೆ? ಯಾರಿಗೆ ಹೇಳೋದು?"

ಆ ಹುಡುಗ ಯಾವ ಧರ್ಮದವನು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಓದುತ್ತಿರುವವರ ಮನಸ್ಸಿನಲ್ಲಿ ಈಗಾಗಲೇ ಒಂದು ಮುಖ ಬಂದಿರಬಹುದು, ಅದನ್ನು ದಯವಿಟ್ಟು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಿ. ಯಾವ ಧರ್ಮದ ಹೆಸರಿನಲ್ಲಾದರೂ, ಯಾವ ಸಿದ್ಧಾಂತದ ಹೆಸರಿನಲ್ಲಾದರೂ ಒಬ್ಬ ಹುಡುಗ ಹಿಂಸೆಯ ಕಡೆಗೆ ಜಾರುವ ದಾರಿ ಬಹುಮಟ್ಟಿಗೆ ಒಂದೇ ಥರ ಇರುತ್ತದೆ. ಮ್ಯಾನೇಜರ್ ಕೇಳಿದ ಪ್ರಶ್ನೆಗೆ ಬೇರೆ ಬೇರೆ ದೇಶಗಳ ಸರ್ಕಾರಗಳು ಸುಮಾರು 20 ವರ್ಷಗಳಿಂದ ಉತ್ತರ ಹುಡುಕುತ್ತಿವೆ. ಕೆಲವು ಕಡೆ ಉತ್ತರ ಸಿಕ್ಕಿದೆ. ಕೆಲವು ಕಡೆ ಇದ್ದ ನಂಬಿಕೆಯೂ ಹಾಳಾಗಿದೆ.

ಮೊದಲು ಒಂದು ವಿಚಾರ. ಇಂಥದ್ದು ಗುಪ್ತಚರ ಇಲಾಖೆಗಿಂತ ಮುಂಚೆ ಹತ್ತಿರದವರಿಗೇ ಗೊತ್ತಾಗುತ್ತದೆ. ಪಾಲ್ ಗಿಲ್, ಜಾನ್ ಹೋರ್ಗನ್ ಮತ್ತು ಪೈಜ್ ಡೆಕರ್ಟ್ ಎಂಬ ಸಂಶೋಧಕರು ಅಮೆರಿಕ, ಯುರೋಪಿನಲ್ಲಿ ಒಂಟಿಯಾಗಿ ಭಯೋತ್ಪಾದನೆಗೆ ಇಳಿದ 119 ಜನರ ಬದುಕನ್ನು ಕೆದಕಿ ನೋಡಿ 2014ರಲ್ಲಿ ಪ್ರಕಟಿಸಿದರು. ಒಂಟಿ ಅಂದರೆ ಯಾರಿಗೂ ಏನೂ ಹೇಳದೆ ಮಾಡಿದವರು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಸುಮಾರು ಶೇ. 64ರಷ್ಟು ಪ್ರಕರಣಗಳಲ್ಲಿ ಮನೆಯವರಿಗೋ ಗೆಳೆಯರಿಗೋ ಅವನ ಉದ್ದೇಶ ಗೊತ್ತಿತ್ತು, ಯಾಕೆಂದರೆ ಅವನೇ ಬಾಯಿಬಿಟ್ಟು ಹೇಳಿದ್ದ. ಅವನ ಒಳಗಿನ ಸಿಟ್ಟು ಏನು ಅನ್ನುವುದು ಶೇ. 82ರಷ್ಟು ಪ್ರಕರಣಗಳಲ್ಲಿ ಬೇರೆಯವರಿಗೆ ತಿಳಿದಿತ್ತು.

ಗೊತ್ತಿದ್ದರೂ ಯಾಕೆ ಹೇಳಲಿಲ್ಲ? ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಇದನ್ನೇ ಕೇಳಿ ನೋಡಿದ್ದಾರೆ. ಎಲ್ಲರಿಗಿಂತ ಮೊದಲು ಬದಲಾವಣೆ ಗಮನಿಸುವವನು ಗೆಳೆಯ. ಆದರೆ ಗೆಳೆತನ ಮುರಿದೀತು ಅನ್ನುವ ಹೆದರಿಕೆ ಹೆಚ್ಚಿದ್ದಷ್ಟೂ ಅವನು ಬಾಯಿ ಬಿಡುವುದು ಕಡಿಮೆ. ಅವನಿಗೆ ತೊಂದರೆ ಆಗುತ್ತದೆ, ನನಗೂ ಆಗುತ್ತದೆ, ಸ್ಟೇಷನ್ನಿಗೆ ಅಲೆಯಬೇಕಾಗುತ್ತದೆ. ನಮ್ಮ ಮ್ಯಾನೇಜರ್ ಹೇಳಿದ್ದೂ ಇದೇ ಮಾತು, ಅವನು ಯಾವ ಸಂಶೋಧನೆಯನ್ನೂ ಓದಿಲ್ಲ.

ಹಾಗಾದರೆ ಲಕ್ಷಣಗಳ ಪಟ್ಟಿ ಮಾಡಿ ಎಲ್ಲರ ಮೇಲೂ ಕಣ್ಣಿಟ್ಟರೆ ಆಯ್ತಲ್ಲ ಅಂತ ಅನ್ನಿಸಬಹುದು. ಇಲ್ಲಿ ಒಂದು ಲೆಕ್ಕ ಅಡ್ಡ ಬರುತ್ತದೆ. ಪೆನ್ನು ಹಿಡಿದು ನನ್ನ ಜೊತೆ ಮಾಡಿ. ಒಂದು ನಗರದಲ್ಲಿ 10 ಲಕ್ಷ ಯುವಕರಿದ್ದಾರೆ ಅಂದುಕೊಳ್ಳೋಣ. ಅವರಲ್ಲಿ ನಿಜವಾಗಿ ಹಿಂಸೆಯ ಕಡೆ ಹೊರಟವರು 100 ಜನ. ನಮ್ಮ ಹತ್ತಿರ ಶೇ. 99ರಷ್ಟು ಸರಿ ಹೇಳುವ ಪರೀಕ್ಷೆ ಇದೆ ಅಂತಲೂ ಇಟ್ಟುಕೊಳ್ಳೋಣ. ಇಂಥ ಪರೀಕ್ಷೆ ಪ್ರಪಂಚದಲ್ಲಿ ಎಲ್ಲೂ ಇಲ್ಲ, ಆದರೂ ಇರಲಿ. ಅದು 100ರಲ್ಲಿ 99 ಜನರನ್ನು ಹಿಡಿಯುತ್ತದೆ. ಉಳಿದ 9,99,900 ಜನ ಏನೂ ತಪ್ಪು ಮಾಡದವರು. ಅವರಲ್ಲಿ ಶೇ. 1ರಷ್ಟನ್ನು ತಪ್ಪಾಗಿ ಹಿಡಿಯುತ್ತದೆ, ಅಂದರೆ 9,999 ಜನರನ್ನು. ಒಟ್ಟು ಸಿಕ್ಕಿಬಿದ್ದವರು 10,098. ಅದರಲ್ಲಿ ನಿಜವಾದವರು 99. ನೂರು ಮನೆ ಬಾಗಿಲು ಬಡಿದರೆ ಸುಮಾರು 99 ಮನೆಗಳಲ್ಲಿ ಅಮಾಯಕ ಹುಡುಗ ಸಿಗುತ್ತಾನೆ. ಅವನ ಅಪ್ಪ, ಅಮ್ಮ, ಅಕ್ಕಪಕ್ಕದವರು ಅದನ್ನು ಮರೆಯುವುದಿಲ್ಲ. ನಾಳೆ ನಿಜವಾಗಿ ಏನಾದರೂ ಕಂಡಾಗ ಅವರು ಫೋನ್ ಎತ್ತುತ್ತಾರಾ?

ನನ್ನನ್ನು ಕೇಳಿದರೆ ಈ ಇಡೀ ವಿಷಯದ ತಿರುಳು ಈ ಲೆಕ್ಕವೇ. ಅಪರೂಪದ ಅಪಾಯವನ್ನು ಜರಡಿ ಹಿಡಿದು ಹುಡುಕಲು ಆಗುವುದಿಲ್ಲ. ಗೊತ್ತಿರುವವನು ತಾನಾಗಿ ಬಂದು ಹೇಳಬೇಕು. ಅವನು ಬರಬೇಕಾದರೆ, ಬಂದರೆ ಕೆಟ್ಟದಾಗುವುದಿಲ್ಲ ಅನ್ನುವ ನಂಬಿಕೆ ಅವನಿಗೆ ಮೊದಲೇ ಇರಬೇಕು.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರ ಇದನ್ನು ಕಷ್ಟಪಟ್ಟು ಕಲಿಯಿತು. 2010ರಲ್ಲಿ ಅಲ್ಲಿನ ಮುಸ್ಲಿಮರು ಜಾಸ್ತಿ ಇರುವ ಎರಡು ಬಡಾವಣೆಗಳಲ್ಲಿ ಸುಮಾರು 200 ಕ್ಯಾಮೆರಾ ಹಾಕಿದರು. ಕೆಲವು ಕಣ್ಣಿಗೆ ಕಾಣುವಂಥವು, ಕೆಲವು ಬಚ್ಚಿಟ್ಟವು. ಕಳ್ಳತನ, ಪುಂಡಾಟ ತಡೆಯುವುದಕ್ಕೆ ಅಂತ ಜನರಿಗೆ ಹೇಳಿದ್ದರು. ದುಡ್ಡು ಬಂದದ್ದು ಮಾತ್ರ ಭಯೋತ್ಪಾದನೆ ತಡೆಯುವ ನಿಧಿಯಿಂದ. ಇದು ಬಯಲಾದ ಮೇಲೆ ಪೊಲೀಸರು ಕ್ಷಮೆ ಕೇಳಿದರು, 2011ರಲ್ಲಿ ಕ್ಯಾಮೆರಾಗಳನ್ನು ಬಿಚ್ಚಿದರು. ಅಮೆರಿಕ ಸರ್ಕಾರವೂ 2011ರಲ್ಲಿ ಸ್ಥಳೀಯ ಸಮುದಾಯಗಳನ್ನು ಜೊತೆಗೆ ಸೇರಿಸಿಕೊಳ್ಳುವ ನೀತಿ ತಂದು, 2014ರಲ್ಲಿ ಬಾಸ್ಟನ್, ಲಾಸ್ ಏಂಜಲೀಸ್, ಮಿನಿಯಾಪೊಲಿಸ್ ನಗರಗಳಲ್ಲಿ ಪ್ರಯೋಗ ಶುರು ಮಾಡಿತು. ಅಲ್ಲೂ ಜನ ಕೇಳಿದ ಮೊದಲ ಪ್ರಶ್ನೆ ಒಂದೇ: ನೀವು ನಮ್ಮ ಜೊತೆ ಕೆಲಸ ಮಾಡೋಕೆ ಬಂದಿದ್ದೀರಾ, ನಮ್ಮ ಮೇಲೆ ಕಣ್ಣಿಡೋಕೆ ಬಂದಿದ್ದೀರಾ?

ಈಗ ಆ ಹುಡುಗನ ಊಟದ ವಿಷಯಕ್ಕೆ ಬರುತ್ತೇನೆ. ಒಬ್ಬನೇ ಊಟ ಮಾಡುತ್ತಾನೆ ಅಂತ ಮ್ಯಾನೇಜರ್ ಹೇಳಿದಾಗ ವಿಡಿಯೊಗಿಂತ ಜಾಸ್ತಿ ನನ್ನ ಕಿವಿಗೆ ಬಿದ್ದದ್ದು ಅದು. ಅದಕ್ಕೆ ಕಾರಣ ಇದೆ.

ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ದಿನ ಪಾರ್ಕಿನಲ್ಲಿ ಕೂತಿದ್ದರು. ಇಬ್ಬರು ಅಪರಿಚಿತರು ಆಡುತ್ತಿದ್ದ ಫ್ರಿಸ್ಬಿ ತಟ್ಟೆ ಬಂದು ಇವರ ಹತ್ತಿರ ಬಿತ್ತು. ಎತ್ತಿ ಎಸೆದರು. ಅವರು ಮತ್ತೆ ಇವರಿಗೇ ಎಸೆದರು. ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಆ ಇಬ್ಬರೂ ಇವರಿಗೆ ಎಸೆಯುವುದನ್ನೇ ಬಿಟ್ಟರು. ಯಾರೋ ಏನೋ, ಎರಡು ನಿಮಿಷದ ಪರಿಚಯ, ಆದರೂ ತನಗೆ ಅಷ್ಟೊಂದು ನೋವಾದದ್ದು ನೋಡಿ ಅವರಿಗೇ ಆಶ್ಚರ್ಯವಾಯಿತು. ಅದರಿಂದ ಹುಟ್ಟಿದ್ದು ಸೈಬರ್‌ಬಾಲ್ ಎಂಬ ಸಣ್ಣ ಕಂಪ್ಯೂಟರ್ ಆಟ. ತೆರೆಯ ಮೇಲೆ ಮೂವರು ಚೆಂಡು ಎಸೆದುಕೊಳ್ಳುತ್ತಾರೆ, ಅದರಲ್ಲಿ ಒಬ್ಬರು ನೀವು. ಸ್ವಲ್ಪ ಹೊತ್ತಿನಲ್ಲಿ ನಿಮಗೆ ಚೆಂಡು ಬರುವುದು ನಿಲ್ಲುತ್ತದೆ. ಅಷ್ಟೇ. ಇಷ್ಟಕ್ಕೇ ಜನರ ಮನಸ್ಸು ಕುಗ್ಗುತ್ತದೆ ಅಂತ 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, 62 ದೇಶಗಳ 1,486 ಜನ ಅದರಲ್ಲಿ ಆಡಿದ್ದರು. 2003ರಲ್ಲಿ ಇದೇ ಆಟವನ್ನು ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಆಡಿಸಿದಾಗ, ಮೈನೋವಿನ ಸಂಕಟದಲ್ಲಿ ಚುರುಕಾಗುವ ಒಂದು ಭಾಗ ಹೊರಗಿಟ್ಟ ನೋವಿಗೂ ಚುರುಕಾದದ್ದು ಕಂಡಿತು.

ಇದಕ್ಕೂ ಹಿಂಸೆಗೂ ಏನು ಸಂಬಂಧ ಅಂತ ನೋಡಲು ಸ್ಕಾಟ್ ಆಟ್ರನ್, ನಫೀಸ್ ಹಮೀದ್, ಕ್ಲಾರಾ ಪ್ರೆಟಸ್ ಮತ್ತು ಅವರ ತಂಡ ಬಾರ್ಸಿಲೋನಾಗೆ ಹೋಯಿತು. ಮೊರಾಕೊ ಮೂಲದ 38 ಯುವಕರು ಇದೇ ಚೆಂಡಾಟ ಆಡಿದರು. ಕೆಲವರಿಗೆ ಚೆಂಡು ಕೊಟ್ಟರು, ಕೆಲವರನ್ನು ಹೊರಗಿಟ್ಟರು. ಆಮೇಲೆ ಅವರವರು ನಂಬುವ ವಿಚಾರಗಳನ್ನು ಒಂದೊಂದಾಗಿ ಮುಂದಿಟ್ಟು, ಇದಕ್ಕಾಗಿ ಎಷ್ಟರ ಮಟ್ಟಿಗೆ ಹೋರಾಡುತ್ತೀಯ ಅಂತ ಕೇಳಿದರು. ನಮ್ಮೆಲ್ಲರ ತಲೆಯಲ್ಲೂ ಎರಡು ಥರದ ವಿಚಾರಗಳಿರುತ್ತವೆ. ಚೌಕಾಸಿ ಮಾಡಬಹುದಾದವು ಕೆಲವು. ಪ್ರಾಣ ಹೋದರೂ ಬಿಡೆನು ಅನ್ನುವಂಥ ಪವಿತ್ರ ವಿಚಾರಗಳು ಕೆಲವು. ಹೊರಗಿಟ್ಟವರ ಮಿದುಳಿನಲ್ಲಿ ಚೌಕಾಸಿಯ ವಿಚಾರಗಳೂ ಪವಿತ್ರ ವಿಚಾರಗಳ ಹಾಗೆಯೇ ಕೆಲಸ ಮಾಡತೊಡಗಿದವು, ಅವುಗಳಿಗಾಗಿ ಹೊಡೆದಾಡುವ ಹಟವೂ ಏರಿತು. ಇದು ಚಿಕ್ಕ ಅಧ್ಯಯನ. ಹೊರಗಿಟ್ಟವರೆಲ್ಲ ಬಂದೂಕು ಹಿಡಿಯುತ್ತಾರೆ ಅಂತ ಇದರ ಅರ್ಥ ಖಂಡಿತ ಅಲ್ಲ. ಕೋಟಿಗಟ್ಟಲೆ ಜನ ಅವಮಾನ ನುಂಗಿಕೊಂಡು ಸುಮ್ಮನೆ ದುಡಿಯುತ್ತಾರೆ, ಈ ಊರಿನಲ್ಲಿ ಅಂಥವರನ್ನು ದಿನಾ ನೋಡುತ್ತೇವೆ. ಆದರೆ ಆಟದಿಂದ ಹೊರಗಿಟ್ಟ ಹುಡುಗನಿಗೆ "ಬಾ, ನಮ್ಮ ಜೊತೆ ಆಡು" ಅಂತ ಮೊದಲು ಕರೆಯುವವನು ದ್ವೇಷ ಹಂಚುವವನಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ಒಂದು ಸುಳಿವಿದೆ.

ಡೆನ್ಮಾರ್ಕಿನ ಆರ್ಹುಸ್ ನಗರ ಈ ಸುಳಿವನ್ನು ಹಿಡಿದುಕೊಂಡು ಕೆಲಸ ಮಾಡಿತು. ಅಲ್ಲಿ 2007ರಿಂದ ಪೊಲೀಸರು ಮತ್ತು ನಗರಸಭೆ ಒಟ್ಟಿಗೆ ಒಂದು ಕಾರ್ಯಕ್ರಮ ನಡೆಸುತ್ತಿದ್ದಾರೆ. ಶಾಲೆ, ಸಮಾಜ ಕಲ್ಯಾಣ, ಪೊಲೀಸ್ ಮೂರೂ ಸೇರಿ ಮಕ್ಕಳ ವಿಷಯ ಮಾತಾಡುವ ರೂಢಿ ಆ ದೇಶದಲ್ಲಿ ಮೊದಲೇ ಇತ್ತು. ಮಗನ ಬಗ್ಗೆ ಹೆದರಿದ ತಾಯಿ ಫೋನ್ ಮಾಡಿದರೆ ಹುಡುಗನಿಗೆ ಒಬ್ಬ ಮಾರ್ಗದರ್ಶಕ ಸಿಗುತ್ತಾನೆ. ಓದು, ಕೆಲಸ, ಮನೆ, ಇವುಗಳ ಬಗ್ಗೆ ಮಾತು ಶುರುವಾಗುತ್ತದೆ. ಸಿರಿಯಾದ ಯುದ್ಧಕ್ಕೆ ಹೋಗಿ ವಾಪಸ್ ಬಂದವರಲ್ಲಿ ಅಪರಾಧ ಮಾಡಿದವರಿಗೆ ಕಾನೂನು ಇದ್ದೇ ಇದೆ, ಉಳಿದವರಿಗೆ ಮತ್ತೆ ಬದುಕು ಕಟ್ಟಿಕೊಳ್ಳಲು ಸಹಾಯ. 2013ರಲ್ಲಿ ಆ ಒಂದು ನಗರದಿಂದ ಸುಮಾರು 30 ಯುವಕರು ಸಿರಿಯಾಗೆ ಹೋಗಿದ್ದರು, 2014ರಲ್ಲಿ ಹೋದವನು ಒಬ್ಬ. ಎಲ್ಲವೂ ಈ ಕಾರ್ಯಕ್ರಮದಿಂದಲೇ ಆಯಿತು ಅಂತ ವಿಜ್ಞಾನ ಓದಿದ ನಾನು ಹೇಳಲಾರೆ. ಆದರೆ ಅಲ್ಲಿ "ಯಾರಿಗೆ ಹೇಳೋದು" ಅಂದರೆ ಉತ್ತರ ಇತ್ತು.

ಅಷ್ಟು ದೂರ ಯಾಕೆ, ಇಲ್ಲೇ ಮುಂಬೈ ಹತ್ತಿರ, ಕಲ್ಯಾಣದ ಪಕ್ಕದ ಭಿವಂಡಿಯನ್ನು ನೋಡಿ. ಪವರ್‌ಲೂಮ್ ಮಗ್ಗಗಳ ಊರು. 1970ರಲ್ಲಿ ದೊಡ್ಡ ಗಲಭೆ, 1984ರಲ್ಲಿ ಮತ್ತೊಂದು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಅವರು ಮೊಹಲ್ಲಾ ಕಮಿಟಿಗಳನ್ನು ಮಾಡಿದರು. ಗಲ್ಲಿ ಗಲ್ಲಿಗೂ ಒಂದು, ಸುಮಾರು 70. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕೂರಬೇಕು, ಜೊತೆಗೆ ಆ ಕಡೆಯ ಪೊಲೀಸ್ ಅಧಿಕಾರಿ. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಉರಿಯಿತು. ಆ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900. ಆ ದಿನಗಳಲ್ಲಿ ನಾನು ಸಾಯಂಕಾಲದ ಕ್ಲಾಸ್ ಮುಚ್ಚಿ, ಹುಡುಗರೆಲ್ಲ ಅವರವರ ಹೋಟೆಲ್ ಮುಟ್ಟಿದರಾ ಅಂತ ಅಂಗಡಿಯ ಫೋನಿನಿಂದ ಒಂದೊಂದೇ ಕಡೆ ಕೇಳುತ್ತಾ ನಿಂತಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಭಿವಂಡಿ ಮಾತ್ರ ತಣ್ಣಗಿತ್ತು.

1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ ಮುಂಬೈ 257 ಜನರನ್ನು ಕಳೆದುಕೊಂಡಿತು. ಆಮೇಲೆ, 1994ರ ಹೊತ್ತಿಗೆ, ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ಹಿಂದೆ ಅದೇ ಹುದ್ದೆಯಲ್ಲಿದ್ದ ಜೂಲಿಯೊ ರಿಬೇರೊ, ಸಮಾಜ ಸೇವಕಿ ಸುಶೋಭಾ ಬರ್ವೆ ಮೊದಲಾದವರು ಸೇರಿ ಇದೇ ಮಾದರಿಯನ್ನು ಮುಂಬೈಗೆ ತಂದರು. ನಾನು ಇಂಥ ಒಂದೆರಡು ಸಭೆಗಳಿಗೆ ಹೋಗಿದ್ದೇನೆ. ನಮ್ಮ ಊರಲ್ಲಿ ಗಣೇಶ ಹಬ್ಬಕ್ಕೆ ಮುಂಚೆ ನಡೆಯುವ ಶಾಂತಿ ಸಭೆಯ ಹಾಗೆಯೇ, ಆದರೆ ಇದು ವರ್ಷವಿಡೀ. ಒಂದು ಗಂಟೆ ಕೂತರೆ ಮುಕ್ಕಾಲು ಗಂಟೆ ಗಟಾರದ ಮಾತು. ನೀರು, ಕಸ, ನಾಕಾದಲ್ಲಿ ಅಡ್ಡ ನಿಲ್ಲುವ ಟೆಂಪೊ. ದೊಡ್ಡ ವಿಷಯ ಯಾವಾಗ ಬರುತ್ತದೆ ಅಂತ ನಾನು ಕಾಯುತ್ತಿದ್ದೆ. ಆ ಗಟಾರದ ಮಾತೇ ಕೆಲಸ ಅನ್ನುವುದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ಹತ್ತು ಸಲ ಗಟಾರಕ್ಕಾಗಿ ಫೋನ್ ಮಾಡಿದವನು ಹನ್ನೊಂದನೇ ಸಲ ಮಗನ ವಿಷಯಕ್ಕೂ ಫೋನ್ ಮಾಡಬಲ್ಲ. ಮೊದಲ ಫೋನೇ ಮಗನ ವಿಷಯಕ್ಕೆ ಅಂದರೆ ಯಾರ ಕೈಯೂ ಏಳುವುದಿಲ್ಲ.

ಗಲಭೆ ಬೇರೆ, ಒಬ್ಬ ಹುಡುಗ ಮೊಬೈಲಿನ ಬೆಳಕಿನಲ್ಲಿ ಹಾಳಾಗುವುದು ಬೇರೆ, ಅದು ನನಗೆ ಗೊತ್ತು. ಆದರೆ ಎರಡಕ್ಕೂ ಬೇಕಾದ ದಾರಿ ಒಂದೇ. ಕಲ್ಯಾಣದಿಂದ ನಾಲ್ವರು ಯುವಕರು 2014ರಲ್ಲಿ ಐಎಸ್ ಎಂಬ ಉಗ್ರ ಸಂಘಟನೆ ಸೇರಲು ಇರಾಕಿಗೆ ಹೋದದ್ದು ಎಲ್ಲರಿಗೂ ನೆನಪಿದೆ. 2015ರ ಡಿಸೆಂಬರಿನಲ್ಲಿ ಪುಣೆಯ 16 ವರ್ಷದ ಒಬ್ಬ ವಿದ್ಯಾರ್ಥಿನಿ ಇಂಟರ್ನೆಟ್ಟಿನಲ್ಲಿ ಅಂಥದೇ ಬಲೆಗೆ ಬೀಳುತ್ತಿರುವುದು ಮಹಾರಾಷ್ಟ್ರದ ಭಯೋತ್ಪಾದನೆ ನಿಗ್ರಹ ದಳಕ್ಕೆ, ಅಂದರೆ ಎಟಿಎಸ್‌ಗೆ, ಗೊತ್ತಾಯಿತು. ಅವಳನ್ನು ಜೈಲಿಗೆ ಹಾಕಲಿಲ್ಲ. ಮನೆಯವರನ್ನು, ಧರ್ಮಗುರುಗಳನ್ನು ಕೂರಿಸಿಕೊಂಡು ಮಾತಾಡಿದರು. ಇಂಥ ಸುದ್ದಿ ಇನ್ನೂ ಜಾಸ್ತಿ ಜನರ ಕಿವಿಗೆ ಬೀಳಬೇಕು, ಕನ್ನಡದಲ್ಲೂ ಬೀಳಬೇಕು.

ಮೊಹಲ್ಲಾ ಕಮಿಟಿಯವರು ಪೊಲೀಸರನ್ನೂ ಗಲ್ಲಿಯ ಹುಡುಗರನ್ನೂ ಸೇರಿಸಿ ಕ್ರಿಕೆಟ್ ಆಡಿಸುತ್ತಾರೆ. ಕ್ರಿಕೆಟ್ಟಿನಿಂದ ಏನಾಗುತ್ತದೆ ಅಂತ ಕೇಳುವವರಿಗೆ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ ಮಾಡಿದ ಪ್ರಯೋಗ ಇದೆ. ಬೇರೆ ಬೇರೆ ಜಾತಿಯ 1,261 ಯುವಕರು. ಒಂದೇ ತಂಡದಲ್ಲಿ ಬೇರೆ ಜಾತಿಯವರ ಜೊತೆ ಆಡಿದವರಿಗೆ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು. ಬೇರೆ ಜಾತಿಯವರ ಎದುರು ಆಡಿದವರಿಗೆ ಆ ಲಾಭ ಸಿಗಲಿಲ್ಲ. ಅಂದರೆ ಪೊಲೀಸ್ ತಂಡ ಒಂದು ಕಡೆ, ಗಲ್ಲಿ ತಂಡ ಇನ್ನೊಂದು ಕಡೆ ಅಂತ ಮಾಡುವುದಕ್ಕಿಂತ, ಕಾನ್‌ಸ್ಟೇಬಲ್ ಬೌಲಿಂಗಿಗೆ ಗಲ್ಲಿಯ ಹುಡುಗ ವಿಕೆಟ್ ಕೀಪಿಂಗ್ ಮಾಡುವ ಹಾಗೆ ತಂಡ ಬೆರೆಸುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಆ ರಾತ್ರಿ ನಾನು ಮ್ಯಾನೇಜರ್‌ಗೆ ಹೇಳಿದ್ದು ಎರಡೇ ಮಾತು. ನಾಳೆಯಿಂದ ನೀನೇ ಅವನ ಜೊತೆ ಊಟಕ್ಕೆ ಕೂರು. ಮತ್ತೆ, ನಿಮ್ಮ ಹೋಟೆಲಿಗೆ ದಿನಾ ಕಟಿಂಗ್ ಚಹಾಕ್ಕೆ ಬರುವ ಪೊಲೀಸಪ್ಪ ಎಷ್ಟು ವರ್ಷದಿಂದ ಪರಿಚಯ? "ಹನ್ನೆರಡು ವರ್ಷ ಸರ್" ಅಂದ. ಹುಡುಗನ ಹೆಸರು ಹೇಳದೆ ಅವರ ಹತ್ತಿರ ಕೇಳು ಅಂದೆ. ಕೇಳಿದ. ಆ ಮನುಷ್ಯ ಹೆಸರು ಕೇಳಲೇ ಇಲ್ಲವಂತೆ. "ಹುಡುಗನ ತಾಯಿಗೆ ಫೋನ್ ಮಾಡಿಸಿ. ಆಮೇಲೂ ಹೀಗೇ ಇದ್ದರೆ ನಾನೇ ಬಂದು ಮಾತಾಡ್ತೀನಿ, ಯೂನಿಫಾರ್ಮ್ ಇಲ್ಲದೆ" ಅಂದರಂತೆ.

ತಾಯಿಯ ಹತ್ತಿರ ಮಾತಾಡಿದಾಗ ಗೊತ್ತಾಯಿತು, ಊರಲ್ಲಿ ಅಪ್ಪ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ. ಹೋಟೆಲಿನಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಅವನನ್ನು ಬೆಳಗಿನ ಪಾಳಿಗೆ ಹಾಕಿದರು, ನಾಲ್ಕೂವರೆಗೆ ಏಳಬೇಕು, ರಾತ್ರಿ ಎರಡರವರೆಗೆ ಮೊಬೈಲ್ ಹಿಡಿಯಲು ಆಗುವುದಿಲ್ಲ. ಆ ಪೊಲೀಸಪ್ಪ ಎರಡು ಸಲ ಬಂದು, ಗಲ್ಲಾದ ಪಕ್ಕ ನಿಂತು, ಊರಿನ ಮಳೆ ಬೆಳೆ ವಿಚಾರಿಸಿ ಹೋದರು. ಅವನು ನಿಜವಾಗಿ ಹಿಂಸೆಯ ಕಡೆ ಹೊರಟಿದ್ದನಾ, ಅಥವಾ ನನ್ನ ಲೆಕ್ಕದ ಆ 9,999 ಜನರಲ್ಲಿ ಒಬ್ಬನಾ? ಅದು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕು ಅಂತ ನನಗೆ ಆಸೆಯೂ ಇಲ್ಲ. ಈಗ ಅವನು ಸಾಯಂಕಾಲ ನಾಲ್ಕಕ್ಕೆ ಉಳಿದ ಹುಡುಗರ ಜೊತೆ ಶಿವಾಜಿ ಪಾರ್ಕಿಗೆ ಹೋಗುತ್ತಾನೆ. ಚೆಂಡು ಅವನ ಕೈಗೂ ಬರುತ್ತದೆ.