ರಾತ್ರಿ ಎಂಟಕ್ಕೆ ಲಟ್ಟಿಸುವ ಆ ನಾಲ್ಕು ಚಪಾತಿ

ಮೀನಿನ ಸಾರು ಒಲೆಯಿಂದ ಇಳಿದಾಗಿದೆ. ಅನ್ನ ಬಸಿದಾಗಿದೆ. ಅತ್ತೆ, ಮಕ್ಕಳು ತಟ್ಟೆ ಹಾಕಿಕೊಂಡು ಕೂತಿದ್ದಾರೆ. ಆದರೆ ಅಡುಗೆಮನೆಯಲ್ಲಿ ಕೆಲಸ ಮುಗಿದಿಲ್ಲ. ಮನೆಯವರಿಗೆ ಶುಗರ್ ಬಂದಿದೆ, ಡಾಕ್ಟರು ಕಾರ್ಬ್, ಅಂದರೆ ಊಟದ ಪಿಷ್ಟ-ಸಕ್ಕರೆಯ ಅಂಶ, ಕಡಿಮೆ ಮಾಡಿ ಅಂದಿದ್ದಾರೆ. ಹಾಗಾಗಿ ಅವರಿಗೆಂದೇ ನಾಲ್ಕು ಚಪಾತಿ ಆಗಬೇಕು. ಚಪಾತಿಗೆ ಮೀನು ಸಾರು ಸರಿ ಹೊಂದುವುದಿಲ್ಲ ಅಂತ ಬಟಾಟೆ ಪಲ್ಯವೂ ಆಗಬೇಕು.

ಕುಮಟಾದಲ್ಲಿ ಆಹಾರ ಸಲಹೆ ಕೊಡುತ್ತಾ ಕೂತ ನನಗೆ ಈ ದೃಶ್ಯ ಬಾಯಿಪಾಠವಾಗಿದೆ. ಕಾರವಾರದವರು ಹೇಳುತ್ತಾರೆ, ಹೊನ್ನಾವರದವರು ಹೇಳುತ್ತಾರೆ, ದೇವಿಮನೆ ಘಟ್ಟ ಇಳಿದು ಬರುವ ಶಿರಸಿಯವರೂ ಹೇಳುತ್ತಾರೆ. "ಇವ್ರು ರಾತ್ರಿ ಅನ್ನ ಮುಟ್ಟೂದೇ ಇಲ್ಲ ಮೇಡಂ. ಬರೀ ಚಪಾತಿ. ಆದ್ರೂ ಶುಗರ್ ಎಂತಕ್ಕೆ ಇಳೀತಿಲ್ಲ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬೇಸರ ಬಂದಿದೆ ಅಂದರೆ ತಪ್ಪಲ್ಲ. ಕೇಳುವವರ ಮೇಲೆ ಬೇಸರವಲ್ಲ. ಅವರು ಪಡುವ ಕಷ್ಟ ಸುಮ್ನೆ ನೀರಿನಲ್ಲಿ ಹೋಮವಾಗುತ್ತಿದೆಯಲ್ಲ ಅಂತ ಬೇಸರ.

ಹೋದ ಮಳೆಗಾಲದಲ್ಲಿ ಅಂಕೋಲಾ ಕಡೆಯ ದಂಪತಿ ಬಂದಿದ್ದರು. ಯಜಮಾನರು ಕೆಲಸದಿಂದ ನಿವೃತ್ತರಾಗಿದ್ದರು. ಆರು ತಿಂಗಳಿಂದ ರಾತ್ರಿ ಚಪಾತಿಯೇ ಊಟ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ ಇದ್ದಲ್ಲೇ ಇತ್ತು. ನಾನು ಮೇಜಿನ ಮೇಲೆ ತೂಕದ ಯಂತ್ರ ಇಟ್ಟೆ. ಒಂದು ಡಬ್ಬಿ ಗೋಧಿ ಹಿಟ್ಟು ಕೊಟ್ಟು, "ನಾಲ್ಕು ಚಪಾತಿಗೆ ಮನೆಯಲ್ಲಿ ಎಷ್ಟು ಹಿಟ್ಟು ತಗೊಳ್ತೀರೋ ಅಷ್ಟೇ ಹಾಕಿ" ಅಂದೆ. ಹೆಂಡತಿ ಕಣ್ಣಳತೆಯಲ್ಲೇ ಹಾಕಿದರು. 120 ಗ್ರಾಂ ಬಂತು. ಆಮೇಲೆ ಇನ್ನೊಂದು ಡಬ್ಬಿ ಕೊಟ್ಟು, ಹಿಂದೆಲ್ಲ ಯಜಮಾನರ ಪಾಲಿಗೆ ಹಾಕುತ್ತಿದ್ದ ಅಕ್ಕಿಯನ್ನು ಅಳೆಯಲು ಹೇಳಿದೆ. ಅದು 100 ಗ್ರಾಂ.

ಈಗ ಲೆಕ್ಕ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ ಸುಮಾರು 78 ಗ್ರಾಂ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ. ಅಂದರೆ ಅವರು ಹಾಕಿದ 120 ಗ್ರಾಂ ಹಿಟ್ಟಿನಲ್ಲಿ ಸುಮಾರು 80 ಗ್ರಾಂ. ಅನ್ನ ಬಿಟ್ಟು ಅವರು ಉಳಿಸಿದ್ದು ಏನೂ ಇಲ್ಲ. ಬಟಾಟೆ ಪಲ್ಯದ್ದು ಬೇರೆ ಸೇರಿತು. ಅದರ ಮೇಲೆ, ಚಪಾತಿ ತಿಂದಾದ ಮೇಲೆ ಸಾರಿನ ಆಸೆಗೆ ಒಂದು ಸೌಟು ಅನ್ನವನ್ನೂ ಹಾಕಿಸಿಕೊಳ್ಳುತ್ತಿದ್ದರಂತೆ.

ಆ ತಾಯಿ ಸ್ವಲ್ಪ ಹೊತ್ತು ತೂಕದ ಯಂತ್ರವನ್ನೇ ನೋಡಿದರು. "ಹಾಗಾದ್ರೆ ಇಷ್ಟು ದಿನ ನಾನು ಲಟ್ಟಿಸಿದ್ದು ಸುಮ್ನೇನಾ ಮೇಡಂ?" ಅಂದರು. ದಿನವೆಲ್ಲ ದುಡಿದು, ರಾತ್ರಿ ಬೆನ್ನು ನೋಯಿಸಿಕೊಂಡು ಒಲೆ ಮುಂದೆ ನಿಲ್ಲುತ್ತಿದ್ದವರು ಕೇಳಿದ ಮಾತು ಅದು. ನನಗೆ ತಕ್ಷಣ ಏನೂ ಹೇಳಲು ಆಗಲಿಲ್ಲ.

ಗೋಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಡೀ ಗೋಧಿ ಹಿಟ್ಟಿನಲ್ಲಿ ನಾರು ಜಾಸ್ತಿ ಇದೆ, ಪ್ರೋಟೀನ್ ಕೂಡ ಬಿಳಿ ಅಕ್ಕಿಗಿಂತ ಜಾಸ್ತಿ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ. ಕುಚ್ಚಲಕ್ಕಿಯಲ್ಲಿ ಬಿ1 ಜೀವಸತ್ವ ಹೆಚ್ಚು ಉಳಿದಿರುತ್ತದೆ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಕಾರ್ಬ್ ಲೆಕ್ಕದಲ್ಲಿ ಇವೆಲ್ಲ ಅಕ್ಕಿಯ ಅಣ್ಣತಮ್ಮಂದಿರು. ರಾಗಿ, ಜೋಳದ ಹಿಟ್ಟಿನಲ್ಲೂ ನೂರಕ್ಕೆ 65 ಗ್ರಾಂ ದಾಟಿಯೇ ಕಾರ್ಬ್ ಇರುತ್ತದೆ. ಧಾನ್ಯ ಬದಲಾಯಿಸುವುದು ಬೇರೆ, ಧಾನ್ಯ ಕಡಿಮೆ ಮಾಡುವುದು ಬೇರೆ. ಡಾಕ್ಟರು ಕಡಿಮೆ ಮಾಡಿ ಅಂದರೆ ನಾವು ಬದಲಾಯಿಸಿ ಬಂದು ಕೂತಿದ್ದೇವೆ. ಸಕ್ಕರೆ ಕಾಯಿಲೆಯ ಬಗ್ಗೆ ದೇಶದುದ್ದಕ್ಕೂ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ವರದಿಯೊಂದು 2025ರಲ್ಲಿ ಪ್ರಕಟವಾಯಿತು. ನಮ್ಮ ದೇಶದವರ ಊಟದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಕಾರ್ಬ್‌ನಿಂದಲೇ ಬರುತ್ತಿದೆ ಅಂತ ಅದು ಹೇಳಿತು. ಒಟ್ಟು ಕಾರ್ಬ್ ಇಳಿಸದೆ ಅಕ್ಕಿ, ಮೈದಾ ಬಿಟ್ಟು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಹಿಡಿದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಕಂಡಿಲ್ಲ ಅಂತಲೂ ಹೇಳಿತು. ನನ್ನ ಮೇಜಿನ ಮೇಲಿನ ತೂಕದ ಯಂತ್ರ ಹೇಳುವುದೂ ಅದನ್ನೇ.

ಹಾಗಾದರೆ ರಾತ್ರಿಗೆ ಏನು ಮಾಡಬೇಕು? ನನ್ನ ಉತ್ತರ ಕೇಳಿ ಹೆಚ್ಚಿನವರು ನಂಬುವುದಿಲ್ಲ. ಬೇರೆ ಏನೂ ಮಾಡಬೇಡಿ. ಮನೆಗೆಲ್ಲ ಮಾಡಿದ ಅಡುಗೆಯೇ ಸಾಕು. ಬದಲಾಗಬೇಕಾದ್ದು ಬಡಿಸುವ ರೀತಿ.

ನಮ್ಮ ಕರಾವಳಿಯ ಊಟದಲ್ಲಿ ಕಾರ್ಬ್ ಕೂತಿರುವುದು ಬಹುಮಟ್ಟಿಗೆ ಒಂದೇ ಕಡೆ, ಅನ್ನದ ಗುಡ್ಡೆಯಲ್ಲಿ. ಬಂಗಡೆಯಲ್ಲಿ ಕಾರ್ಬ್ ಇಲ್ಲ, 100 ಗ್ರಾಂ ಮೀನಿಗೆ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ತಾರ್ಲೆಯೂ ಹಾಗೇ. ಸಿಗಡಿ, ಮೊಟ್ಟೆಯಲ್ಲಿ ಇದ್ದರೂ ಲೆಕ್ಕಕ್ಕೆ ಬಾರದಷ್ಟು. ಸಾರಿಗೆ ಅರೆದು ಹಾಕುವ ಕಾಯಿಯಲ್ಲಿ ಕೊಬ್ಬು ಜಾಸ್ತಿ, ಕಾರ್ಬ್ ಕಡಿಮೆ. ಬಸಳೆ, ಹರಿವೆ, ಹೀರೆ, ತೊಂಡೆ, ಮೊಗೆಕಾಯಿ, ಬಾಳೆದಿಂಡು ಎಲ್ಲವೂ ಧಾರಾಳವಾಗಿ ತಿನ್ನಬಹುದಾದವು. ಇಷ್ಟೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಆದರೆ ತಟ್ಟೆಯಲ್ಲಿ ಪಲ್ಯ ಇರುವುದು ಉಪ್ಪಿನಕಾಯಿಯಷ್ಟು. ಮೀನು ಒಂದು ತುಂಡು. ಉಳಿದದ್ದೆಲ್ಲ ಅನ್ನ.

ಅಂಕೋಲಾದ ಆ ಮನೆಗೆ ನಾನು ಹೇಳಿದ್ದು ಇಷ್ಟು. ಪಲ್ಯವನ್ನು ಇಡೀ ಮನೆಗೆ ಎರಡರಷ್ಟು ಮಾಡಿ. ಯಜಮಾನರ ತಟ್ಟೆಗೆ ಮೊದಲು ಪಲ್ಯ, ಮೀನು ಬಡಿಸಿ. ಅದು ಅರ್ಧ ಮುಗಿದ ಮೇಲೆ ಒಂದು ಸಣ್ಣ ಬಟ್ಟಲು ಅನ್ನ, ಬೆಂದ ಮೇಲಿನ ತೂಕದಲ್ಲಿ 100 ಗ್ರಾಂ. ಅದರಲ್ಲಿ ಕಾರ್ಬ್ 27 ಗ್ರಾಂ ಆಸುಪಾಸು. ಸಾರು, ಪಲ್ಯದ್ದು ಸೇರಿದರೂ ಒಟ್ಟು 40ರ ಹತ್ತಿರ ನಿಲ್ಲುತ್ತದೆ. ಮೊದಲಿನ ಅರ್ಧ. ಮಕ್ಕಳಿಗೆ, ಅತ್ತೆಗೆ ಅನ್ನ ಎಂದಿನಂತೆ. ಬೆಳೆಯುವ ಮಕ್ಕಳನ್ನು ದಯವಿಟ್ಟು ಈ ಪಥ್ಯಕ್ಕೆ ಎಳೆಯಬೇಡಿ.

ಒಂದು ವಿಷಯ ಬಹಳ ಜನ ಕೇಳುತ್ತಾರೆ. ಮೀನು ಹುರಿಯುವಾಗ ಹಚ್ಚುವ ರವೆ? ತೆಳ್ಳಗೆ ಹಚ್ಚಿದರೆ ಒಂದು ಚಮಚ ಹಿಡಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರವೆಯ ಬಗ್ಗೆ ಕಾಲು ಗಂಟೆ ಚರ್ಚೆ ಮಾಡಿದವರೇ, ಅನ್ನ ಎಷ್ಟು ಸೌಟು ಅಂತ ಕೇಳಿದರೆ "ಸ್ವಲ್ಪ" ಅಂತಾರೆ. ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಸ್ವಲ್ಪ ಅನ್ನುವುದು ಅಳತೆ ಅಲ್ಲ. ಒಂದೇ ಬಟ್ಟಲು ಇಟ್ಟುಕೊಳ್ಳಿ, ದಿನಾ ಅದರಲ್ಲೇ ಅಳೆಯಿರಿ.

ಸಾರಿಗೆ ಬಟಾಟೆ, ಗೆಣಸು, ದೀವಿಹಲಸು ಹಾಕುವ ದಿನ ಅದನ್ನೂ ಅನ್ನದ ಲೆಕ್ಕಕ್ಕೇ ಸೇರಿಸಿ. ಬೆಲ್ಲ ಹಾಕುವ ಪಲ್ಯವಾದರೆ, ಬೆಲ್ಲ ಬೀಳುವ ಮೊದಲು ಒಬ್ಬರ ಪಾಲು ತೆಗೆದಿಡಿ. ಇದಕ್ಕೆ ಬೇರೆ ಪಾತ್ರೆ ಬೇಡ, ಒಂದು ಬಟ್ಟಲು ಸಾಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಮೀನು ದುಬಾರಿ, ಸಿಗುವುದೂ ಕಡಿಮೆ. ಆ ಎರಡು ತಿಂಗಳು ಒಣಮೀನಿನ ಮೇಲೇ ನಿಲ್ಲಬೇಡಿ, ಅದರಲ್ಲಿ ಉಪ್ಪು ಬಹಳ. ಬಿಪಿ ಇದ್ದವರಿಗಂತೂ ಅದು ಬೇಡವೇ ಬೇಡ. ಮೊಟ್ಟೆ ಇದೆ, ಮೊಳಕೆ ಬಂದ ಹೆಸರುಕಾಳು ಇದೆ. ಕಾಳು, ಬೇಳೆಯಲ್ಲೂ ಕಾರ್ಬ್ ಇದ್ದೇ ಇದೆ. ಆದರೆ ಜೊತೆಗೆ ಪ್ರೋಟೀನ್, ನಾರು ಎರಡೂ ಇರುವುದರಿಂದ ನಾನು ಬಿಡಿಸುವುದಿಲ್ಲ.

ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ತೊಡಕು ಬೇರೆ. ಅಲ್ಲಿ ಅನ್ನ ಒಂದು ಸಲ ಬಡಿಸಿ ಮುಗಿಯುವುದಿಲ್ಲ. ತಂಬುಳಿಗೆ ಒಂದು ಸಲ, ಸಾರು ಅಥವಾ ಹುಳಿಗೆ ಒಂದು ಸಲ, ಕೊನೆಗೆ ಮಜ್ಜಿಗೆಗೆ ಇನ್ನೊಂದು ಸಲ. ಪ್ರತಿ ಸಲವೂ ಸ್ವಲ್ಪವೇ ಅನ್ನಿಸುತ್ತದೆ. ಮೂರೂ ಸೇರಿದಾಗ ತಟ್ಟೆ ತುಂಬ ಅನ್ನ ಉಂಡಾಗಿರುತ್ತದೆ. ಅಡಿಕೆ ತೋಟದ ಹಿರಿಯರೊಬ್ಬರು ಬಂದಿದ್ದರು, ಅವರ ಹೆಂಡತಿ ಜೊತೆಗಿದ್ದರು. "ಇವರಿಗೆ ಮಜ್ಜಿಗೆ ಅನ್ನ ಇಲ್ಲದಿದ್ದರೆ ಊಟ ಆದ ಹಾಗೇ ಆಗುವುದಿಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ" ಅಂದರು. ಮಜ್ಜಿಗೆ ಅನ್ನವನ್ನು ನಾನು ಕಿತ್ತುಕೊಳ್ಳಲಿಲ್ಲ. ಅಳತೆಯ ಆ ಒಂದು ಬಟ್ಟಲು ಅನ್ನವನ್ನು ಪೂರ್ತಿ ಮಜ್ಜಿಗೆಗೇ ಇಟ್ಟುಕೊಳ್ಳಿ ಅಂದೆ. ಒಂದೆಲಗದ ತಂಬುಳಿಯನ್ನು ಲೋಟದಲ್ಲಿ ಕುಡಿಯಲಿ. ಹುಳಿಯ ಹೋಳುಗಳನ್ನು ಬಟ್ಟಲಿಗೆ ಹಾಕಿ ಚಮಚದಲ್ಲಿ ತಿನ್ನಲಿ. ಮೊಸರಿನ ಹಶಿ, ಅಂದರೆ ತರಕಾರಿಯ ಮೊಸರು ಬಜ್ಜಿ, ದೊಡ್ಡ ಸೌಟಿನಲ್ಲಿ ಬಡಿಸಿ. ಮೊದಲ ವಾರ ಅವರಿಗೆ ಇದು ಕಾಯಿಲೆಯವರ ಊಟ ಅನ್ನಿಸಿತಂತೆ. ಆಮೇಲೆ ಒಗ್ಗಿತು. ಮೀನು ತಿನ್ನದ ಮನೆಗಳಲ್ಲಿ ಪ್ರೋಟೀನ್ ಕಡಿಮೆ ಬೀಳುವ ಭಯ ಇದ್ದೇ ಇದೆ. ಹಾಗಾಗಿ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಆಗಾಗ ಪನೀರ್ ಸೇರಿಸಲು ಹೇಳುತ್ತೇನೆ.

ಈಗ ಎಚ್ಚರಿಕೆಯ ಮಾತು. ಇದನ್ನು ಓದಿ ನಾಳೆಯೇ ಅನ್ನ ಇಳಿಸಬೇಡಿ, ಮೊದಲು ಮಾತ್ರೆಯ ಚೀಟಿ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತರಹದ ಮಾತ್ರೆ ನುಂಗುವವರು ಔಷಧ ಅಷ್ಟೇ ಇಟ್ಟು ಊಟ ಇಳಿಸಿದರೆ ಸಕ್ಕರೆ ಒಮ್ಮೆಲೇ ಕೆಳಗೆ ಬೀಳಬಹುದು. ಮಧ್ಯರಾತ್ರಿ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿ ಮನೆಯವರು ಗಾಬರಿಯಾದ ಪ್ರಸಂಗ ನನಗೆ ಗೊತ್ತಿದೆ. ಹಾಗೆ ಆದಾಗ ಎಚ್ಚರವಿದ್ದು ನುಂಗುವಂತಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಕಾರ್ಬ್ ತೀರಾ ಇಳಿಸುವುದರಲ್ಲಿ ಬೇರೆ ಅಪಾಯವಿದೆ. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ತಾವಾಗಿ ಶುರು ಮಾಡಲೇಬಾರದು. ಡಾಕ್ಟರ ಹತ್ತಿರ "ರಾತ್ರಿ ಅನ್ನ ಅರ್ಧ ಮಾಡ್ತಿದ್ದೇವೆ, ಮಾತ್ರೆ ಬದಲಾಯಿಸಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇಷ್ಟು ಹೊತ್ತು ಗಂಡನ ಪಥ್ಯದ ಮಾತೇ ಆಯಿತು. ಶುಗರ್ ಹೆಂಡತಿಗೆ ಬಂದ ಮನೆಗಳಲ್ಲಿ ನನಗೆ ಕಾಣುವುದು ಬೇರೆ. ಅಲ್ಲಿ ಯಾರೂ ಅವಳಿಗೆಂದು ಚಪಾತಿ ಲಟ್ಟಿಸುವುದಿಲ್ಲ. ಹೊನ್ನಾವರ ಕಡೆಯ ಒಬ್ಬರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದರು. ಅಷ್ಟರಲ್ಲಿ ಮೀನು ಖಾಲಿ, ಪಲ್ಯ ಖಾಲಿ. ಪಾತ್ರೆಯಲ್ಲಿ ಉಳಿದದ್ದು ಅನ್ನ ಮತ್ತು ಸಾರಿನ ತಿಳಿ. "ಅನ್ನ ಚೆಲ್ಲಬಾರದಲ್ಲ ಮೇಡಂ" ಅಂತ ಅದನ್ನೆಲ್ಲ ಉಣ್ಣುತ್ತಿದ್ದರು. ನಾನು ಬರೆದುಕೊಟ್ಟ ಪಟ್ಟಿ ಫ್ರಿಜ್ ಮೇಲೆ ಅಂಟಿಸಿಯೇ ಇತ್ತು. ಅದು ಯಾವ ಉಪಯೋಗಕ್ಕೂ ಬರಲಿಲ್ಲ.

ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಅಂದೆ. ಬಂದರು. ಮಾತು ಕಡಿಮೆ. ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹೊರಡುವಾಗ ತಿರುಗಿ, "ಅಕ್ಕಿ ಎಷ್ಟು ಹಾಕಬೇಕು ಅಂತ ನನಗೆ ಹೇಳಿ ಮೇಡಂ, ನಾನೇ ಅಳೆದು ಕೊಡ್ತೇನೆ" ಅಂದರು. ಅವರ ಮನೆಯಲ್ಲಿ ರಾತ್ರಿ ಎರಡು ಲೋಟ ಅಕ್ಕಿ ಬೇಯುತ್ತಿತ್ತು. ಒಂದೂವರೆ ಸಾಕು ಅಂದೆ. ಹೆಂಡತಿಯ ಪಾಲಿನ ಮೀನು, ಪಲ್ಯವನ್ನು ಎಲ್ಲರಿಗಿಂತ ಮೊದಲು ತೆಗೆದಿಡಿ ಅಂತಲೂ ಹೇಳಿದೆ.

ಆ ಲೋಟ ಈಗ ಅಕ್ಕಿ ಡಬ್ಬಿಯ ಒಳಗೇ ಇದೆಯಂತೆ. ರಾತ್ರಿ ನಾಲ್ಕೂ ಜನ ಒಟ್ಟಿಗೆ ಕೂರುತ್ತಾರಂತೆ. ಊಟ ಮುಗಿದಾಗ ಪಾತ್ರೆಯಲ್ಲಿ ಅನ್ನ ಉಳಿಯುವುದಿಲ್ಲ.